ಒಂದು ಉಂಗುರದಷ್ಟು ಕೊಳವೆ



ಉದ್ದನೆಯ ವಾಕ್ಯವನ್ನು ಉಸಿರು ಮುರಿಯದೆ ಓದುವುದು ನಮ್ಮ ಕಸುಬಿನ ಮೊದಲ ಪಾಠ. ಅದಕ್ಕೇ ಇರಬೇಕು, ಇಂಗ್ಲೆಂಡಿನ ದೊರೆ ಆರನೇ ಜಾರ್ಜ್ 1951ರ ಕ್ರಿಸ್‌ಮಸ್‌ಗೆ ಮಾಡಿದ ಬಾನುಲಿ ಭಾಷಣದ ಹಿನ್ನೆಲೆ ತಿಳಿದಾಗ ಮನಸ್ಸು ಕಲಕಿತು. ನೇರವಾಗಿ ಮಾತನಾಡುವ ತ್ರಾಣವಿಲ್ಲದೆ ತುಣುಕು ತುಣುಕಾಗಿ ಧ್ವನಿ ಮುದ್ರಿಸಿ, ಆಮೇಲೆ ಜೋಡಿಸಿದ್ದರು. ಅದೇ ಸೆಪ್ಟೆಂಬರ್ 23ರಂದು ಅರಮನೆಯಲ್ಲೇ ಅವರ ಎಡ ಶ್ವಾಸಕೋಶವನ್ನು ಪೂರ್ತಿ ತೆಗೆಯಲಾಗಿತ್ತು. 1952ರ ಫೆಬ್ರವರಿ 6ರಂದು ನಿದ್ದೆಯಲ್ಲೇ ತೀರಿಕೊಂಡರು.

ಆ ಶಸ್ತ್ರಕ್ರಿಯೆ ಮಾಡಿದವರು ಕ್ಲೆಮೆಂಟ್ ಪ್ರೈಸ್ ಥಾಮಸ್. ದೊರೆಯದು ಕ್ಯಾನ್ಸರ್, ಬೇರೆ ದಾರಿ ಕಾಣಲಿಲ್ಲ. ಆದರೆ ಇದೇ ವೈದ್ಯರು ನಾಲ್ಕು ವರ್ಷ ಮೊದಲು, 1947ರಲ್ಲಿ, ಮಾಡಿದ ಇನ್ನೊಂದು ಕೆಲಸ ಅರಮನೆಯ ಸುದ್ದಿಯಷ್ಟು ಹೆಸರು ಮಾಡಲಿಲ್ಲ. ನನಗಂತೂ ಅದೇ ದೊಡ್ಡದು.

ಅಲ್ಲಿಯವರೆಗಿನ ಸ್ಥಿತಿ ನೋಡಿ. 1931ರಲ್ಲಿ ಬರ್ಲಿನ್‌ನಲ್ಲಿ ರುಡಾಲ್ಫ್ ನಿಸೆನ್ 12 ವರ್ಷದ ಹುಡುಗಿಯ ಒಂದು ಶ್ವಾಸಕೋಶ ತೆಗೆದರು. ಮೊದಲ ಯತ್ನದಲ್ಲಿ ಆಕೆಯ ಹೃದಯವೇ ನಿಂತಿತ್ತು. ಎರಡನೇ ಸಲ ಗೆದ್ದರು. 1933ರ ಏಪ್ರಿಲ್ 5ರಂದು ಅಮೆರಿಕದ ಸೇಂಟ್ ಲೂಯಿಯಲ್ಲಿ ಎವರ್ಟ್ಸ್ ಗ್ರಹಾಂ ಒಬ್ಬ ವೈದ್ಯನ ಕ್ಯಾನ್ಸರ್ ಪೀಡಿತ ಶ್ವಾಸಕೋಶವನ್ನು ಒಂದೇ ಬಾರಿಗೆ ತೆಗೆದರು. ಬರಿದಾದ ಎದೆಗೂಡು ಕುಗ್ಗಲೆಂದು ಪಕ್ಕೆಲುಬುಗಳನ್ನೂ ಕತ್ತರಿಸಿದರು. ಆ ರೋಗಿ 1963ರವರೆಗೆ ಬದುಕಿದ. ತಡವಾಗಿ ಸಿಗರೇಟು ಬಿಟ್ಟ ಗ್ರಹಾಂ ಮಾತ್ರ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೇ ಬಲಿಯಾದರು.

ಪ್ರೈಸ್ ಥಾಮಸರ ಮುಂದೆ 1947ರಲ್ಲಿ ಬಂದವನು ಬ್ರಿಟಿಷ್ ವಾಯುಪಡೆಯ ತರುಣ ಕೆಡೆಟ್. ಬಲಗಡೆಯ ದೊಡ್ಡ ಶ್ವಾಸನಾಳದಲ್ಲಿ ಅಪರೂಪದ ಗಡ್ಡೆ. ಆಗ ಅಡೆನೋಮ ಎನ್ನುತ್ತಿದ್ದರು. ಅವುಗಳಲ್ಲಿ ಹೆಚ್ಚಿನವನ್ನು ಈಗ ಕಾರ್ಸಿನಾಯ್ಡ್ ಎನ್ನುತ್ತಾರೆ. ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದೆರಡು. ನಿಧಾನವಾಗಿ ಬೆಳೆಯುತ್ತದೆ, ಎಷ್ಟೋ ರೋಗಿಗಳು ವರ್ಷಗಟ್ಟಲೆ ಉಬ್ಬಸವೆಂದೇ ಔಷಧಿ ತೆಗೆದುಕೊಳ್ಳುತ್ತಾರೆ. ನಳಿಗೆ ಇಳಿಸಿ ಕಿತ್ತರಾಯಿತಲ್ಲ ಎಂದರೆ, ಕಾಣುವುದು ತುದಿ ಮಾತ್ರ, ಉಳಿದದ್ದು ಗೋಡೆಯಾಚೆ. ಕೀಳುವಾಗ ರಕ್ತ ಸುರಿಯುವ ಭಯ ಬೇರೆ.

ಇಡೀ ಶ್ವಾಸಕೋಶ ತೆಗೆದಿದ್ದರೆ ಹುಡುಗನ ವಿಮಾನದ ಕನಸು ಅಲ್ಲಿಗೇ ಮುಗಿಯುತ್ತಿತ್ತು. ಪ್ರೈಸ್ ಥಾಮಸ್ ಗಡ್ಡೆಯಿದ್ದ ಕೊಳವೆಯ ಭಾಗವನ್ನು ಉಂಗುರದಂತೆ ಕತ್ತರಿಸಿ, ಎರಡು ತುದಿಗಳನ್ನು ಸೇರಿಸಿ ಹೊಲಿದರು. ಒಡೆದ ಪೈಪಿನ ತುಂಡು ತೆಗೆದು ನಲ್ಲಿ ರಿಪೇರಿಯವರು ಜೋಡಿಸುತ್ತಾರಲ್ಲ, ಹಾಗೆ. ಇದಕ್ಕೆ ಸ್ಲೀವ್ ಅಂದರೆ ಅಂಗಿಯ ತೋಳು ಎಂಬ ಹೆಸರು ಬಂತು.

ಸುಲಭವೆಂದುಕೊಳ್ಳಬೇಡಿ. ಪೈಪು ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಹೊಲಿಗೆ ಬಿಟ್ಟರೆ ಗಾಳಿ ಎದೆಗೂಡಿಗೆ ಸೋರಿ ಕೀವಾಗಬಹುದು. ಗಾಯ ಮಾಯುವಾಗ ಕೊಳವೆ ಬಿಗಿದು ಕಫ ಕಟ್ಟಬಹುದು. ಪಕ್ಕದಲ್ಲೇ ದೊಡ್ಡ ರಕ್ತನಾಳ. ಎಡಗಡೆಯಾದರೆ ಧ್ವನಿಯ ನರವೂ ಅಲ್ಲೇ ಹಾದುಹೋಗುತ್ತದೆ. ಕೆಲವು ಕಾರ್ಸಿನಾಯ್ಡ್‌ಗಳು ಹಾರ್ಮೋನು ಸುರಿಸುವುದರಿಂದ, ಅಪರೂಪಕ್ಕೆ, ಅರಿವಳಿಕೆಯ ನಡುವೆ ರಕ್ತದೊತ್ತಡ ಏರುಪೇರಾಗುವುದೂ ಉಂಟು.

ಇಂದಿಗೂ ಇದಕ್ಕೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಎಷ್ಟು ಉಸಿರು ಉಳಿಯುತ್ತದೆಂದು ಮೊದಲೇ ಊದಿಸಿ ಅಳೆಯುತ್ತಾರೆ. ಹತ್ತು ವರ್ಷ ಕಳೆದ ಮೇಲೂ ಮರಳಬಹುದಾದ್ದರಿಂದ, ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದವರನ್ನು ವೈದ್ಯರು ಮತ್ತೆ ಮತ್ತೆ ಕರೆಯುತ್ತಲೇ ಇರುತ್ತಾರೆ.