ಶಾಂತಿನಿಕೇತನ–ಬರೋಡ: ಎರಡು ಕಲಾಶಾಲೆಗಳ ನಂಟಿನ ಬಗ್ಗೆ ಒಂದು ಟಿಪ್ಪಣಿ

ಶಾಂತಿನಿಕೇತನದ ಕಲಾಭವನ 1919ರಲ್ಲಿ, ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ 1950ರಲ್ಲಿ ಆರಂಭವಾದವು. ಇವುಗಳ ಸಂಬಂಧವನ್ನು ಕಲಾಭವನದಲ್ಲಿ ಕಲಿತು ಬರೋಡದಲ್ಲಿ ಕಲಿಸಿದ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರಿಂದ ಶುರುಮಾಡಿ ಹೇಳುವುದು ವಾಡಿಕೆ. ಕಾಲಾನುಕ್ರಮ ನೋಡಿದರೆ, ಬರೋಡದ ಈ ವಿಭಾಗ ಹುಟ್ಟುವ ಮೊದಲೇ ಕಲಾಭವನದ ಕೆಲಸ ಆ ಊರಿನ ಗೋಡೆಗಳನ್ನು ಸೇರಿತ್ತು.

ಈ ನಂಟಿನ ಮೊದಲ ಹಂತ ಭಿತ್ತಿಚಿತ್ರಗಳದು. ಬರೋಡದ ಅರಸ ಮೂರನೆಯ ಸಯಾಜಿರಾವ್ ಗಾಯಕವಾಡರ ಆಹ್ವಾನದ ಮೇರೆಗೆ ಕಲಾಭವನದ ಮುಖ್ಯಸ್ಥರಾಗಿದ್ದ ನಂದಲಾಲ್ ಬೋಸ್ ಬರೋಡದ ಕೀರ್ತಿಮಂದಿರದಲ್ಲಿ 1939ರಿಂದ 1946ರವರೆಗೆ ಬಿಡುವು ಬಿಡುವಾಗಿ ಭಿತ್ತಿಚಿತ್ರ ಬರೆದರು. ಗಂಗಾವತರಣ, ಮೀರಾಬಾಯಿಯ ಬದುಕು, ರವೀಂದ್ರನಾಥರ ನಾಟಕ ‘ನಟೀರ್ ಪೂಜಾ’, ಮಹಾಭಾರತ ಯುದ್ಧ ಅಲ್ಲಿನ ವಸ್ತುಗಳು. ಇವುಗಳಲ್ಲಿ ‘ನಟೀರ್ ಪೂಜಾ’ವನ್ನು ಅವರು 1942ರಲ್ಲಿ ಶಾಂತಿನಿಕೇತನದ ಚೀನಾ ಭವನದಲ್ಲಿ ಬರೆದು, ಮರುವರ್ಷ ಬರೋಡದಲ್ಲಿ ಮತ್ತೆ ಕೈಗೆತ್ತಿಕೊಂಡರು.

ಎರಡನೆಯ ಹಂತ ಅಧ್ಯಾಪಕರದು. ಕಲಾಭವನದ ಶಿಲ್ಪಿ ರಾಮಕಿಂಕರ್ ಬೈಜ್ ಅವರ ಶಿಷ್ಯ ಶಂಖೋ ಚೌಧುರಿ ಬರೋಡದ ಶಿಲ್ಪ ವಿಭಾಗವನ್ನು ಕಟ್ಟಿದರು. ಶಾಂತಿನಿಕೇತನದ ಹಿಂದಿ ಭವನದ ಭಿತ್ತಿಚಿತ್ರದಲ್ಲಿ ಬಿನೋದ್ ಬಿಹಾರಿ ಮುಖರ್ಜಿಯವರಿಗೆ ನೆರವಾಗಿದ್ದ ಸುಬ್ರಮಣ್ಯನ್ 1951ರಲ್ಲಿ ಬರೋಡದಲ್ಲಿ ಅಧ್ಯಾಪಕರಾದರು. ಹಾಗೆಂದು ಬರೋಡ ಕಲಾಭವನದ ಪಡಿಯಚ್ಚಾಗಲಿಲ್ಲ. ಮೊದಲ ಡೀನ್ ಮಾರ್ಕಂಡ್ ಭಟ್ ಅಮೆರಿಕದ ಬಾರ್ನ್ಸ್ ಫೌಂಡೇಶನ್ನಿನಲ್ಲಿ ಕಲಿತವರು. ಚಿತ್ರಕಲಾ ವಿಭಾಗವನ್ನು ರೂಪಿಸಿದ ಎನ್.ಎಸ್. ಬೇಂದ್ರೆ ಇಂದೋರಿನವರು. ಕಲೆಯನ್ನು ವಿಶ್ವವಿದ್ಯಾಲಯದ ಪದವಿ ಶಿಕ್ಷಣವಾಗಿಸಿ, ಕಲಾ ಇತಿಹಾಸವನ್ನು ಅದರ ಜೊತೆಗಿಟ್ಟದ್ದು ಬರೋಡದ ಸ್ವಂತ ಹೆಜ್ಜೆ. ಶಾಂತಿನಿಕೇತನದಿಂದ ಅದಕ್ಕೆ ಬಂದದ್ದು ಮುಖ್ಯವಾಗಿ ಕುಶಲಕಲೆ ಮತ್ತು ಭಿತ್ತಿಚಿತ್ರದ ಮೇಲಿನ ಗೌರವ. ಸುಬ್ರಮಣ್ಯನ್ ಕೈಮಗ್ಗ ಮಂಡಳಿಯಲ್ಲಿ ದುಡಿದದ್ದು, ಬರೋಡದ ಕಲಾಮೇಳಗಳಿಗೆ ಆಟಿಕೆ ಮಾಡಿದ್ದು, ಲಖನೌದ ರವೀಂದ್ರಾಲಯಕ್ಕೆ ಟೆರಾಕೋಟಾ ಭಿತ್ತಿಶಿಲ್ಪ ರಚಿಸಿದ್ದು, ಎಲ್ಲವೂ ಈ ಗೌರವದ ಫಲ.

ಮೂರನೆಯ ಹಂತದಲ್ಲಿ ದಾರಿ ತಿರುಗಿತು. 1980ರಲ್ಲಿ ಸುಬ್ರಮಣ್ಯನ್ ಕಲಾಭವನಕ್ಕೆ ಪ್ರಾಧ್ಯಾಪಕರಾಗಿ ಮರಳಿ, 1989ರವರೆಗೆ ಅಲ್ಲಿ ಕಲಿಸಿದರು. ಕಲಾಭವನದ ಆವರಣದಲ್ಲಿರುವ ಅವರ ಕಪ್ಪು–ಬಿಳುಪು ಭಿತ್ತಿಚಿತ್ರವನ್ನು ಬರೋಡದ ಮೂರು ದಶಕಗಳ ಅನುಭವವಿಲ್ಲದೆ ವಿವರಿಸಲಾಗದು. ಕರ್ನಾಟಕದ ಕಲಾವಿದರಿಗೂ ಎರಡೂ ಬಾಗಿಲು ತೆರೆದಿದ್ದವು: ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಶಾಂತಿನಿಕೇತನದಲ್ಲಿ ಓದಿದರೆ, ಎನ್. ಪುಷ್ಪಮಾಲಾ ಬರೋಡದಲ್ಲಿ ಶಿಲ್ಪಕಲೆ ಕಲಿತರು.

ಬರೋಡವನ್ನು ಶಾಂತಿನಿಕೇತನದ ಶಾಖೆ ಎನ್ನುವುದೂ, ಅದರಿಂದ ಕಡಿದುಕೊಂಡ ಆಧುನಿಕತೆ ಎನ್ನುವುದೂ ಅರೆಸತ್ಯ. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ. ಒಂದು ಶಾಲೆಯ ಚರಿತ್ರೆಯನ್ನು ಇನ್ನೊಂದನ್ನು ಬಿಟ್ಟು ಬರೆದರೆ ಅದು ಪೂರ್ತಿಯಾಗದು.