ಕೇಳದೆ ಬಂದ ಕಾಗದ

ನಮ್ಮ ಹೇಮಾವತಿಯು ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದಿತೆಂಬುದು ವಾಚಕರಿಗೆ ತಿಳಿದ ವಿಷಯವೇ. ದೊಡ್ಡೇಶ್ವರನ ಗುಡಿಯನ್ನೂ ಊರಿನ ಶಾಸನಗಳನ್ನೂ ಮಕ್ಕಳಿಗೆ ತೋರಿಸಲು ಹೋದಾಗಲೆಲ್ಲ ನಮಗೊಂದು ವಿಚಾರ ಹೊಳೆಯುತ್ತದೆ. ಅರಸರು ತಮ್ಮ ದಾನಗಳನ್ನೂ ಗೆಲುವುಗಳನ್ನೂ ಕಲ್ಲಿನಲ್ಲಿ ಕೊರೆಯಿಸಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ಅದಕ್ಕೆ ಬೆಲೆಯಿರಲಿಲ್ಲ, ಅದನ್ನು ಬರೆಯಿಸಿರೆಂದು ಪ್ರಜೆಗಳು ಕೇಳಿಯೂ ಇರಲಿಲ್ಲ. ಆದರೆ ಆ ಕಲ್ಲು ಯಾರ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. ಓದಬೇಕೆನ್ನುವವನು ತಾನಾಗಿ ಅದರ ಬಳಿಗೆ ಹೋಗುತ್ತಿದ್ದನು; ಬೇಡವೆನ್ನುವವನು ತನ್ನ ದನಗಳನ್ನು ಹೊಡೆದುಕೊಂಡು ಮುಂದೆ ನಡೆಯುತ್ತಿದ್ದನು. ಕೆಲಸದ ನಿಮಿತ್ತ ಪೇಟೆಯಲ್ಲಿ ಹಿಡಿದಿರುವ ಬಾಡಿಗೆಯ ಮನೆಯ ಮುಂದೆ ವಾರಕ್ಕೊಮ್ಮೆ ಬಂದು ಬೀಳುವ, ನಾವು ಕೇಳದ, ಕಾಸು ಕೊಡದ ಪತ್ರಿಕೆಯನ್ನು ಎತ್ತುವಾಗ ನಮಗೆ ಆ ಕಲ್ಲಿನ ಮರ್ಯಾದೆ ನೆನಪಾಗುತ್ತದೆ.

ಕೇಳದೆ ಬರುವ ಕಾಗದ ನಮ್ಮ ಸೀಮೆಗೆ ಹೊಸದೇನೂ ಅಲ್ಲ. 1800ರಲ್ಲಿ ನಿಜಾಮನು ಈ ನಾಡನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟನು. 1808ರಲ್ಲಿ ಬಳ್ಳಾರಿ ಜಿಲ್ಲೆ ಏರ್ಪಟ್ಟಿತು. ಮಡಕಶಿರವು 1882ರವರೆಗೂ, ರಾಯದುರ್ಗವು 1953ರವರೆಗೂ ಆ ಜಿಲ್ಲೆಗೇ ಸೇರಿದ್ದವು. ಈ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಬಂದು, ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತಿರುಗಿಸಿದನು. ಮುಂದೆ ಅಲ್ಲಿಯೇ ಕರಪತ್ರಗಳ ಸಂಘವೂ ಅಚ್ಚುಕೂಟವೂ ಹುಟ್ಟಿದವು. ಸಂತೆ ಜಾತ್ರೆಗಳಲ್ಲಿ ಓದಬಲ್ಲವರ ಕೈಗೆ ಪಾದ್ರಿಗಳು ಸಣ್ಣ ಸಣ್ಣ ಪುಸ್ತಿಕೆಗಳನ್ನು ಕೊಡುತ್ತಿದ್ದರು. ಅಚ್ಚಾದ ಕನ್ನಡವನ್ನು ಈ ಭಾಗದ ಅನೇಕರು ಮೊದಲು ಕಂಡದ್ದು ಹೀಗೆ, ಪುಕ್ಕಟೆಯಾಗಿ ಬಂದ ಕಾಗದದಲ್ಲಿಯೇ ಇರಬೇಕು. ಆ ಕಾಗದದ ಉದ್ದೇಶವನ್ನು ಒಪ್ಪದವರೂ ಅದರ ಅಕ್ಷರವನ್ನು ನೋಡಿ ಬೆರಗಾಗಿದ್ದರೆ ಆಶ್ಚರ್ಯವಿಲ್ಲ.

ಇದಕ್ಕಿಂತ ಭಿನ್ನವಾದ ದಾರಿಯನ್ನು ಹಿಡಿದವನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. 1843ನೆಯ ಜುಲೈ 1ರಂದು ಅವನು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟಗಳ ಆ ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಊರ ಸುದ್ದಿ, ಹೊರನಾಡುಗಳ ಸುದ್ದಿ, ಸರಕಾರದ ಹೊಸ ನಿಯಮಗಳು, ಕಥೆಗಳು ಅದರಲ್ಲಿದ್ದವು. ಮರುವರ್ಷ, 1844ರಲ್ಲಿ, ಪತ್ರಿಕೆಯು ಅಚ್ಚುಮೊಳೆಗಳ ಅನುಕೂಲವಿದ್ದ ನಮ್ಮ ಬಳ್ಳಾರಿಗೇ ಬಂದು ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ಪಡೆಯಿತು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಇದನ್ನು ಎಲ್ಲರೂ ಹೊಗಳುತ್ತಾರೆ. ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ನಮ್ಮ ಕಣ್ಣಿಗೆ ಹೆಚ್ಚಾಗಿ ಬಿದ್ದುದು ಬೇರೊಂದು ಸಂಗತಿ. ಪಾದ್ರಿಯಾಗಿದ್ದೂ ಮೋಗ್ಲಿಂಗನು ಇದನ್ನು ಪುಕ್ಕಟೆ ಹಂಚದೆ ಸಣ್ಣ ಬೆಲೆಯಿಟ್ಟು ಮಾರಿದನು. ಬೆಲೆಯಿಟ್ಟೊಡನೆ ಓದುವವನಿಗೆ ಒಂದು ಅಧಿಕಾರ ದೊರೆಯಿತು: ಕಾಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ‘ಬೇಡ’ ಎನ್ನುವ ಅಧಿಕಾರ. ಆ ಅಧಿಕಾರವೇ ಹೊಸ್ತಿಲ ಮೇಲೆ ಬೀಳುವ ಕಾಗದದಲ್ಲಿ ನಮಗಿಲ್ಲದಿರುವುದು.

ಬೇಡದಿದ್ದರೆ ಎಸೆದರಾಯಿತು ಎಂದು ಕೆಲವರು ಹೇಳಬಹುದು. ನಮ್ಮ ಜನಕ್ಕೆ ಅದು ಅಷ್ಟು ಸುಲಭವಲ್ಲ. ಅಕ್ಷರವಿರುವ ಕಾಗದಕ್ಕೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಕಲಿತವರು ನಾವು, ಕಲಿಸುತ್ತಿರುವವರೂ ನಾವೇ. ಓದುಬಾರದ ನಮ್ಮ ಅಜ್ಜಿ ಬೆಲ್ಲ ಕಟ್ಟಿ ತಂದ ಕಾಗದವನ್ನೂ ಸವರಿ ಮಡಿಸಿ ಗೂಡಿನಲ್ಲಿಡುತ್ತಿದ್ದರು. ಹೊಸ್ತಿಲ ಮೇಲೆ ಪತ್ರಿಕೆಯನ್ನು ಎಸೆದು ಹೋಗುವವರು ಈ ಭಕ್ತಿಯ ಮೇಲೆಯೇ ಸಾಲ ಎತ್ತುತ್ತಿದ್ದಾರೆಂದು ನಮಗೆ ಅನ್ನಿಸುತ್ತದೆ. ಆ ಕಾಗದದಲ್ಲಿರುವುದು ಮುಕ್ಕಾಲು ಪಾಲು ಜಾಹೀರಾತು, ಉಳಿದ ಕಾಲು ಪಾಲು ಯಾರದೋ ಸ್ತುತಿ. ಅದೂ ತೆಲುಗಿನಲ್ಲಿ. ತೆಲುಗಿನ ಮೇಲೆ ನಮಗೆ ಹಗೆಯಿಲ್ಲ; ಸಂತೆಯಲ್ಲಿ, ಕಚೇರಿಯಲ್ಲಿ ದಿನವೂ ಆಡುವ ಭಾಷೆ ಅದು. ಆದರೆ ಕನ್ನಡ ಶಾಲೆಯ ಮಗುವಿನ ಮನೆಗೆ ತಾನಾಗಿ ಬರುವ ಅಚ್ಚಿನ ಕಾಗದವೆಲ್ಲ ತೆಲುಗಿನದಾಗಿ, ಕನ್ನಡದ ಪತ್ರಿಕೆ ಮಾತ್ರ ಹಣ ಕೊಟ್ಟು ತರಿಸಬೇಕಾದುದಾದರೆ, ಆ ಮಗು ತನ್ನ ಭಾಷೆಯನ್ನು ಏನೆಂದು ಎಣಿಸೀತು? ಪುಕ್ಕಟೆಯದೂ ಪುಕ್ಕಟೆಯಲ್ಲವೆಂಬುದು ಇಲ್ಲಿ ಗೊತ್ತಾಗುತ್ತದೆ.

ಪತ್ರಿಕೆಯ ಹಣವನ್ನು ಓದುವವನಲ್ಲದೆ ಬೇರೊಬ್ಬರು ಕೊಟ್ಟಾಗ ಏಳುವ ಪ್ರಶ್ನೆ ನಮ್ಮ ರಾಜ್ಯದಲ್ಲಿ ನ್ಯಾಯಾಲಯದವರೆಗೂ ಹೋಗಿದೆ. 2022ರಲ್ಲಿ ಆಂಧ್ರಪ್ರದೇಶ ಸರಕಾರವು ಆಗ ಇದ್ದ ಗ್ರಾಮ ಸ್ವಯಂಸೇವಕರಿಗೆ ಪತ್ರಿಕೆ ಕೊಳ್ಳುವುದಕ್ಕಾಗಿ ತಿಂಗಳಿಗೆ 200 ರೂಪಾಯಿಗಳನ್ನು ಮಂಜೂರು ಮಾಡಿತು. ಇದರಿಂದ ಒಂದೇ ಪತ್ರಿಕೆಗೆ ಲಾಭವಾಗುತ್ತದೆಂದು ಮತ್ತೊಂದು ಪತ್ರಿಕೆಯವರು ದಾವೆ ಹೂಡಿದರು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮೊಕದ್ದಮೆಯನ್ನು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ವರ್ಗಾಯಿಸಿತು. ಯಾರು ಸರಿ ಯಾರು ತಪ್ಪು ಎಂದು ಹೇಳುವುದು ನಮ್ಮಂಥವರ ಕೆಲಸವಲ್ಲ.

ಹೊರದೇಶಗಳವರು ಈ ಹೊಸ್ತಿಲ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. 1995ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ‘ಮೆಟ್ರೋ’ ಎಂಬ ಪುಕ್ಕಟೆ ದೈನಿಕ ಹೊರಟಾಗ ಅದನ್ನು ನೆಲದಡಿಯ ರೈಲು ನಿಲ್ದಾಣಗಳಲ್ಲಿ ಇಟ್ಟರು. ಬೇಕಾದವನು ಕೈನೀಡಿ ತೆಗೆದುಕೊಳ್ಳಬೇಕು. ಇದು ಹೆಂಜೇರಿನ ಕಲ್ಲಿನ ರೀತಿಯೇ. ಮನೆಗೆ ಬರುವ ಕಾಗದದ ವಿಷಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1970ರಲ್ಲಿ ಒಂದು ತೀರ್ಪು ಕೊಟ್ಟಿತು: ಕಳುಹಿಸುವವನ ಹಕ್ಕು ಒಲ್ಲೆನೆನ್ನುವವನ ಟಪಾಲು ಪೆಟ್ಟಿಗೆಯ ಬಳಿ ನಿಲ್ಲುತ್ತದೆಂಬುದು ಅದರ ಸಾರ. ಹಾಲೆಂಡಿನಲ್ಲಿ ಬೇಡವೆನ್ನುವವರು ಬಾಗಿಲಿಗೆ ಚೀಟಿ ಅಂಟಿಸುವ ಪದ್ಧತಿಯಿದ್ದಿತು. ಆಂಸ್ಟರ್‌ಡ್ಯಾಮ್ ನಗರದವರು 2018ರಿಂದ ಅದನ್ನು ತಿರುಗಿಸಿ, ಬೇಕೆಂದು ಚೀಟಿ ಅಂಟಿಸಿದ ಮನೆಗಳಿಗೆ ಮಾತ್ರ ವಿಳಾಸವಿಲ್ಲದ ಜಾಹೀರಾತು ಕಾಗದಗಳನ್ನು ಹಾಕಬಹುದೆಂದು ಗೊತ್ತುಮಾಡಿದರು. ಮುದ್ರಕರು ವ್ಯಾಜ್ಯ ಹೂಡಿದರೂ 2021ರಲ್ಲಿ ಅಲ್ಲಿಯ ಅತ್ಯುಚ್ಚ ನ್ಯಾಯಾಲಯ ನಗರದ ಪಕ್ಷವನ್ನೇ ಎತ್ತಿಹಿಡಿಯಿತು. ಮೌನವನ್ನು ಸಮ್ಮತಿಯೆಂದು ಎಣಿಸುವುದು ಅಲ್ಲಿಗೆ ನಿಂತಿತು.

ನಮ್ಮಲ್ಲಿ ಅಂಥ ಚೀಟಿಯಿಲ್ಲ. ಆದರೆ 1867ರ ಪತ್ರಿಕಾ ಕಾಯಿದೆಯ ಕಾಲದಿಂದಲೂ ಅಚ್ಚಾದ ಪತ್ರಿಕೆಯ ಮೇಲೆ ಮುದ್ರಕ ಪ್ರಕಾಶಕರ ಹೆಸರು, ಸ್ಥಳಗಳು ಇರಬೇಕೆಂಬ ನಿಯಮವಿದೆ. ಚುನಾವಣೆಯ ಕರಪತ್ರಗಳಿಗೂ 1951ರ ಜನಪ್ರಾತಿನಿಧ್ಯ ಕಾಯಿದೆಯಲ್ಲಿ ಇಂಥದೇ ಕಟ್ಟಳೆಯಿದೆ. ಆದುದರಿಂದ ಬೇಡವೆಂದು ಬರೆಯಲು ವಿಳಾಸವಾದರೂ ಸಿಗುತ್ತದೆ. ನಾವು ಒಂದು ಕಾರ್ಡು ಬರೆದೆವು. ಉತ್ತರ ಬರಲಿಲ್ಲ, ಪತ್ರಿಕೆ ಬಂದಿತು.

ಅದೇ ತಿಂಗಳಲ್ಲಿ ನಮ್ಮ ಬೀದಿಯ ಒಬ್ಬ ಹಿರಿಯ ತಾಯಿ ಮಗಳ ಊರಿಗೆ ಹೋಗಿದ್ದರು. ಬಾಗಿಲ ಮುಂದೆ ಕಾಗದ ಬಿದ್ದೇ ಇದ್ದುದನ್ನು ನೋಡಿ ಮನೆಯಲ್ಲಿ ಯಾರೂ ಇಲ್ಲವೆಂದು ಕಳ್ಳನಿಗೆ ತಿಳಿಯಿತೋ ಏನೋ, ಅವರು ತಿರುಗಿ ಬರುವಷ್ಟರಲ್ಲಿ ಬೀಗ ಮುರಿದಿತ್ತು. ಎರಡು ಹಿತ್ತಾಳೆಯ ಕೊಡಗಳು ಹೋಗಿದ್ದವು. ಮರುವಾರ ನಾವು ಬೆಳಗಿನಲ್ಲಿ ಎದ್ದು ಹಂಚುವವನಿಗಾಗಿ ಕಾದೆವು. ಬಂದವನು ನಮ್ಮಲ್ಲಿಯೇ ಐದನೆಯ ತರಗತಿ ಓದಿದ ಹುಡುಗ. “ಇನ್ನು ಈ ಮನೆಗೆ ಹಾಕಬೇಡಪ್ಪ” ಎಂದೆವು. ಅವನು ಸೈಕಲ್ಲಿನಿಂದ ಇಳಿದು ತಲೆ ತಗ್ಗಿಸಿ, “ಮೇಷ್ಟ್ರೇ, ಕಟ್ಟು ಎಣಿಸಿ ಕೊಡ್ತಾರೆ. ಉಳಿಸಿಕೊಂಡು ಹೋದ್ರೆ ನನ್ನ ಕೂಲೀಲಿ ಹಿಡೀತಾರೆ” ಎಂದನು. ನಮಗೆ ಮಾತು ಹೊರಡಲಿಲ್ಲ. ಕೊನೆಗೆ, ಬೀಗ ಹಾಕಿದ ಮನೆಗಳ ಪತ್ರಿಕೆಗಳನ್ನೂ ನಮ್ಮದನ್ನೂ ನಮ್ಮ ಕೈಗೇ ಕೊಡುವುದೆಂದು ಒಪ್ಪಂದವಾಯಿತು. ಆ ಕಾಗದದಿಂದ ಶಾಲೆಯ ಮಕ್ಕಳು ಪುಸ್ತಕಗಳಿಗೆ ಹೊದಿಕೆ ಹಾಕಿಕೊಳ್ಳುತ್ತಾರೆ. ತಿಂಡಿ ಕಟ್ಟಲು ಮಾತ್ರ ಕೊಡುವುದಿಲ್ಲ. ಅಚ್ಚಿನ ಮಸಿ ಆಹಾರಕ್ಕೆ ಸೇರುವುದು ಕೆಡುಕೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೇ ಎಚ್ಚರಿಸಿದೆ.

ಇಷ್ಟು ಬರೆದ ಮೇಲೆ ನಮ್ಮ ಸಂಘದ ಈ ಪತ್ರಿಕೆಯ ನೆನಪಾಗದೆ ಇರಲಿಲ್ಲ. ಇದನ್ನೂ ನಾವು ಪುಕ್ಕಟೆಯಾಗಿಯೇ, ಕನ್ನಡದ ಮನೆಯೆಂದು ತಿಳಿದಲ್ಲೆಲ್ಲ, ಕೇಳದೆ ಹಾಕಿ ಬರುತ್ತಿದ್ದೇವೆ. ಹೋದ ಸಂಚಿಕೆಯೊಂದರಲ್ಲಿ ಕಡಲೆಕಾಯಿ ಕಟ್ಟಿದ್ದನ್ನು ಸಂತೆಯಲ್ಲಿ ಕಂಡು ನಮಗೆ ನೋವಾಯಿತು. ಆ ನೋವಿಗೆ ನಮಗೆ ಹಕ್ಕಿದೆಯೇ ಎಂಬುದು ಆಮೇಲೆ ಬಂದ ಯೋಚನೆ. ಕಾರ್ಯದರ್ಶಿಗಳೊಡನೆ ಮಾತನಾಡಿ, ಈ ಸಂಚಿಕೆಯ ಕೊನೆಯ ಹಾಳೆಯ ಕೆಳಗೆ ಒಂದು ಚೀಟಿಯನ್ನು ಸೇರಿಸಿದ್ದೇವೆ. ಪತ್ರಿಕೆ ಬೇಕೆನ್ನುವವರು ಅದರಲ್ಲಿ ಹೆಸರು ಬರೆದು, ಕೈಲಾದರೆ ಕಾಗದದ ಖರ್ಚಿಗೆ ಏನಾದರೂ ಸೇರಿಸಿ, ಶಾಲೆಯ ಮಕ್ಕಳ ಕೈಯಲ್ಲಿ ಕಳುಹಿಸಬಹುದು. ಮುಂದಿನ ಸಂಚಿಕೆಗೆ ಎಷ್ಟು ಪ್ರತಿ ತೆಗೆಯಬೇಕೆಂಬುದನ್ನು ಆ ಚೀಟಿಗಳನ್ನು ಎಣಿಸಿದ ಮೇಲೆ ಗೊತ್ತುಮಾಡುತ್ತೇವೆ.