ಮಸ್ಕತ್ ಪತ್ರ – 23: ಜಲ್ಲಿ ದಾರಿಯ ಚರಿತ್ರೆ, ನಮ್ಮ ಭಾವನಿಗಾಗಿ

ಡಿಸೆಂಬರಿಗೆ ಅಕ್ಕ, ಭಾವ ಇಲ್ಲಿಗೆ ಬರ್ತಾರೆ. ಭಾವ ಈಗಲೇ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ ಕೂತಿದ್ದಾರೆ. "ಕಳಸದ ತೋಟದ ರಸ್ತೆಯಲ್ಲಿ ಇಪ್ಪತ್ತು ವರ್ಷ ಜೀಪು ಓಡಿಸಿದವನಿಗೆ ನಿಮ್ಮ ಒಮಾನ್ ಏನು ಮಾರಾಯ್ತಿ, ಫೋರ್ ವೀಲ್ ಇದ್ರೆ ಆಯ್ತಲ್ಲ" ಅಂದರು ಫೋನಿನಲ್ಲಿ. ಆಗ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಸಲ ಅಡುಗೆ, ಹಬ್ಬ ಬಿಟ್ಟು ರಸ್ತೆಯ ಕಥೆ.

1970ರ ಜುಲೈಯಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ದೇಶದಲ್ಲಿ ಟಾರು ರಸ್ತೆ ಇದ್ದದ್ದು ಸುಮಾರು 10 ಕಿ.ಮೀ. ಅಂತ ಇಲ್ಲಿಯವರು ಈಗಲೂ ಹೇಳ್ತಾರೆ. ಕಳಸದಿಂದ ಹೊರನಾಡಿಗೆ ಹೋಗುವಷ್ಟು, ಲೆಕ್ಕ ಹಾಕಿ! ಅವರ ತಂದೆ ಸೈಯದ್ ಬಿನ್ ತೈಮೂರ್ ಕಾಲದಲ್ಲಿ ಕಾರು ತರಿಸಲಿಕ್ಕೂ ಸುಲ್ತಾನರದ್ದೇ ಅಪ್ಪಣೆ ಬೇಕಿತ್ತು. ಮಸ್ಕತ್ತಿನ ಕೋಟೆ ಬಾಗಿಲು ರಾತ್ರಿ ಮುಚ್ಚುತ್ತಿತ್ತು. ಆಮೇಲೆ ಓಡಾಡುವವರು ಕೈಯಲ್ಲಿ ಲಾಟೀನು ಹಿಡಿಯಬೇಕಿತ್ತು.

ಆದರೂ ಅದೇ ಸುಲ್ತಾನರು 1955ರ ಡಿಸೆಂಬರಿನಲ್ಲಿ ಲಾರಿಗಳ ಸಾಲು ಕಟ್ಟಿಕೊಂಡು ಸಲಾಲಾದಿಂದ ಮರುಭೂಮಿ ದಾಟಿ ನಿಜ್ವಾಕ್ಕೆ ಬಂದರು. ಟಾರು ಬಿಡಿ, ಆ ಹಾದಿಯಲ್ಲಿ ರಸ್ತೆಯೇ ಇರಲಿಲ್ಲ. ಜೊತೆಗಿದ್ದ ಪತ್ರಕರ್ತ ಜೇಮ್ಸ್ ಮಾರಿಸ್ (ಮುಂದೆ ಜಾನ್ ಮಾರಿಸ್) ಆ ಪ್ರಯಾಣದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. 1953ರಲ್ಲಿ ಎವರೆಸ್ಟ್ ಹತ್ತಿದ ಸುದ್ದಿಯನ್ನು ಲೋಕಕ್ಕೆ ಮುಟ್ಟಿಸಿದ್ದೂ ಅವರೇ.

ನನಗೆ ನೆನಪಾಗೋದು ಮಾತ್ರ ನಮ್ಮ ವಾರ್ಡಿನಲ್ಲಿದ್ದ ಒಬ್ಬ ಅಜ್ಜ. ಊರು ಜಬಲ್ ಅಖ್ದರ್. ಚಿಕ್ಕವನಿದ್ದಾಗ ತಾಯಿಯನ್ನು ಕತ್ತೆ ಮೇಲೆ ಕೂರಿಸಿ ಬೆಟ್ಟ ಇಳಿಸಿ, ದಿನಗಟ್ಟಲೆ ನಡೆದು ಮತ್ರಾದ ಅಮೆರಿಕನ್ ಮಿಷನ್ ಆಸ್ಪತ್ರೆಗೆ ತಂದಿದ್ದರಂತೆ. ಡಾ. ವೆಲ್ಸ್ ಥಾಮ್ಸ್ 1939ರಿಂದ 1970ರವರೆಗೆ ದುಡಿದದ್ದು ಆ ಆಸ್ಪತ್ರೆಯಲ್ಲೇ. "ನಿಧಾನವಾಗಿ ಬಂದೆವು, ಆದರೆ ಯಾರೂ ಬೀಳಲಿಲ್ಲ" ಅಂದ ಅಜ್ಜ. ಆತನ ಮೊಮ್ಮಗ ಪಕ್ಕದ ವಾರ್ಡಿನಲ್ಲಿದ್ದ, ಲ್ಯಾಂಡ್ ಕ್ರೂಸರ್ ಪಲ್ಟಿ ಹೊಡೆದು ಸೊಂಟ ಮುರಿದುಕೊಂಡು.

1970ರ ನಂತರ ಮೊದಲು ಬಂದದ್ದು ಜಲ್ಲಿ ರಸ್ತೆ. ಗ್ರೇಡರ್ ಓಡಿಸಿ ಕಲ್ಲುಮಣ್ಣು ಮಟ್ಟ ಮಾಡಿದರೆ ಮುಗೀತು, ಟಾರು ಎಷ್ಟೋ ವರ್ಷ ಬಿಟ್ಟು. ಕುರಿಯಾತ್‌ನಿಂದ ಸೂರ್‌ಗೆ ಹೋಗುವ ಕರಾವಳಿ ದಾರಿಯೂ ಬಹಳ ಕಾಲ ಹೀಗೇ ಇತ್ತು. ಈಗ ಹೆದ್ದಾರಿ. ಅಲ್ಲಿ 120ರಲ್ಲಿ ಓಡಿಸಿ ಕಾಲು ಪಳಗಿದವರು ಅದೇ ಕಾಲನ್ನು ವಾದಿಯ ಜಲ್ಲಿಗೂ ತರ್ತಾರೆ. ಅಲ್ಲೇ ಎಡವಟ್ಟು.

ಜಲ್ಲಿಯಲ್ಲಿ ಚಕ್ರ ಕೂತಿರೋದು ನೆಲದ ಮೇಲಲ್ಲ, ಉರುಳುವ ಕಲ್ಲುಗಳ ಮೇಲೆ. ಗಾಡಿಗಳು ಓಡಿ ಓಡಿಯೇ ರಸ್ತೆ ಸಿಮೆಂಟ್ ಶೀಟಿನ ಹಾಗೆ ಮಡಿಕೆ ಮಡಿಕೆ ಆಗುತ್ತದೆ. ಸ್ಪೀಡು ಹೆಚ್ಚಿಸಿದರೆ ಕುಲುಕಾಟ ಕಡಿಮೆ, ಹಾಯೆನಿಸುತ್ತದೆ. ಯಾಕೆಂದರೆ ಚಕ್ರ ಮಡಿಕೆಯಿಂದ ಮಡಿಕೆಗೆ ಹಾರುತ್ತಿರುತ್ತದೆ, ನೆಲಕ್ಕೆ ಸರಿಯಾಗಿ ತಾಗೋದೇ ಇಲ್ಲ. ಆಗ ತಿರುವು ಬಂತೋ, ಮೇಕೆ ಅಡ್ಡ ಬಂತೋ, ಬ್ರೇಕು ಒತ್ತಿದರೂ ಗಾಡಿ ತನ್ನ ಪಾಡಿಗೆ ಜಾರುತ್ತದೆ. ಭಾವ, ಇದನ್ನು ಎರಡು ಸಲ ಓದಿ: ಫೋರ್ ವೀಲ್ ಗಾಡಿಯನ್ನು ಹೊರಡಿಸಲಿಕ್ಕೆ, ಹತ್ತಿಸಲಿಕ್ಕೆ ಸಹಾಯ ಮಾಡುತ್ತದೆ. ನಿಲ್ಲಿಸಲಿಕ್ಕಲ್ಲ.

ಎಮರ್ಜೆನ್ಸಿಗೆ ಬಂದವರ ಬಾಯಲ್ಲಿ ಹೆಚ್ಚುಕಮ್ಮಿ ಒಂದೇ ಕಥೆ. ಒಂದು ಚಕ್ರ ಅಂಚಿನ ಸಡಿಲ ಜಲ್ಲಿಗೆ ಇಳಿಯಿತು, ಗಾಬರಿಯಲ್ಲಿ ಸ್ಟೀರಿಂಗ್ ಎಳೆದೆ, ಮಗುಚಿತು. ಎಳೆಯಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ವೇಗ ಇಳಿದ ಮೇಲೆ ನಿಧಾನಕ್ಕೆ ಒಳಗೆ ಬರಬೇಕು. ಬೆಲ್ಟ್ ಹಾಕಿದವರು ಆ ಕಥೆಯನ್ನು ತಾವೇ ಹೇಳ್ತಾರೆ. ಹಾಕದವರ ಕಥೆಯನ್ನು ಪೊಲೀಸರು ಹೇಳ್ತಾರೆ. ಅಕ್ಕ, ನೀನು ಹಿಂದೆ ಕೂತರೂ ಹಾಕಲೇಬೇಕು.

ಅಜ್ಜನ ಊರಿಗೆ ಈಗ ಟಾರು ಬಂದಿದೆ. ಆದರೂ ಬೆಟ್ಟದ ಬುಡದಲ್ಲಿ, ಬಿರ್ಕತ್ ಅಲ್ ಮೌಜ್ ಹತ್ತಿರ, ಪೊಲೀಸ್ ಚೌಕಿ ಇದೆ. ಫೋರ್ ವೀಲ್ ಅಲ್ಲದಿದ್ದರೆ ಮೇಲೆ ಬಿಡೋದಿಲ್ಲ. ಟಾರಿಗೆ ಯಾಕಪ್ಪಾ ಅಂತ ನಾನೂ ಕೇಳಿದ್ದೆ. ಚಿಂತೆ ಹತ್ತೋದರದ್ದಲ್ಲ, ಇಳಿಯೋದರದ್ದು. ಸುಮಾರು 2000 ಮೀಟರ್ ಎತ್ತರದಿಂದ ಬರೀ ಬ್ರೇಕಿನ ಮೇಲೆ ಇಳಿದರೆ ಬ್ರೇಕು ಕಾದು ಹಿಡಿಯೋದೇ ಇಲ್ಲ. ಲೋ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆಯಬೇಕು. ಇದು ಭಾವನಿಗೆ ಗೊತ್ತು, ಕುದುರೆಮುಖದ ಘಾಟಿ ಇಳಿದವರಲ್ವಾ.

ನಾವು ಹೋಗೋದು ಅಲ್ ಹಮ್ರಾ ಕಡೆಯಿಂದ ಬಿಲಾದ್ ಸೈತ್‌ಗೆ. ಬೆಳಿಗ್ಗೆ ಬೇಗ, ಮೋಡ ಇಲ್ಲದ ದಿನ ನೋಡಿ. ಬೆಟ್ಟದ ಆಚೆ ಮಳೆ ಸುರಿದರೂ ನಮ್ಮ ವಾದಿಯಲ್ಲಿ ನೀರು ನುಗ್ಗುತ್ತದೆ. ಹರಿಯುವ ನೀರಿಗೆ ಗಾಡಿ ಇಳಿಸೋದು ಇಲ್ಲಿ ಅಪರಾಧ. ಟೈರಿನ ಗಾಳಿ ಸ್ವಲ್ಪ ಇಳಿಸ್ತೇವೆ, ಟಾರಿಗೆ ಬಂದ ಮೇಲೆ ಮತ್ತೆ ತುಂಬಿಸ್ತೇವೆ. ಮೊದಲ ದಿನ ಸ್ಟೀರಿಂಗ್ ನಮ್ಮವರ ಕೈಯಲ್ಲಿ, ಭಾವ ಪಕ್ಕದ ಸೀಟು. ಇಲ್ಲಿ ಬಲಬದಿ ಡ್ರೈವಿಂಗ್ ಅನ್ನೋದನ್ನೂ ಮರೀಬೇಡಿ.

ಗೇಜು, ಪಂಪು ನಮ್ಮ ಹತ್ರ ಇದೆ. ನೀವು ಅಪ್ಪೆಮಿಡಿ ತನ್ನಿ ಸಾಕು, ಡಬ್ಬಿಗೆ ಗಟ್ಟಿ ಮುಚ್ಚಳ ಹಾಕಿ.